ಮುತ್ತಿನ ಹಾರ: ರಣರಂಗದ ನಡುವಿನ ಸಂಸಾರ

ಎಸ್.ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ ‘ಮುತ್ತಿನ ಹಾರ’ 1990ರಲ್ಲಿ ತೆರೆಕಂಡಿತು. ಹೆಸರಿಗೆ ಅದು ಯುದ್ಧದ ಚಿತ್ರ. ಒಳಗೆ ಇರುವುದು ಸೈನಿಕನೊಬ್ಬನ ಸಂಸಾರದ ಕತೆ. ಕೊಡವ ಯೋಧ ಅಚ್ಚಪ್ಪನಾಗಿ ವಿಷ್ಣುವರ್ಧನ್, ಸೇನೆಯ ದಾದಿ ಅನ್ನಪೂರ್ಣೆಯಾಗಿ ಸುಹಾಸಿನಿ ನಟಿಸಿದ್ದಾರೆ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರಕ್ಕೆ ಮೀಸಲಾದ ರಾಷ್ಟ್ರಪ್ರಶಸ್ತಿ ಇದಕ್ಕೇ ಬಂತು.

ಇಂಥ ಕತೆಗೆ ಕೊಡಗಿಗಿಂತ ಸಹಜವಾದ ನೆಲ ಕರ್ನಾಟಕದಲ್ಲಿ ಸಿಗುವುದು ಕಷ್ಟ. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪ, 1957ರಲ್ಲಿ ಸೇನಾ ಮುಖ್ಯಸ್ಥರಾದ ತಿಮ್ಮಯ್ಯ ಇಬ್ಬರೂ ಅಲ್ಲಿಯವರೇ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸುವ ನಾಡು ಅದು. ಮಗ ಮಿಲಿಟರಿಗೆ ಸೇರಿದರೆ ಮನೆಗೆ ಹೆಮ್ಮೆ. ಆ ಹೆಮ್ಮೆಗೆ ತೆರುವ ಬೆಲೆಯ ಲೆಕ್ಕವನ್ನು ಬಾಬು ತೆರೆದಿಡುತ್ತಾರೆ.

ಅಚ್ಚಪ್ಪ ಮತ್ತು ಅನ್ನಪೂರ್ಣೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಭೇಟಿಯಾಗಿ ಮದುವೆಯಾಗುತ್ತಾರೆ. ಅವರನ್ನು ಕೂಡಿಸಿದ್ದು ಯುದ್ಧ; ಮುಂದೆ ಅವರ ಮಗನನ್ನು ಕಿತ್ತುಕೊಳ್ಳುವುದೂ ಯುದ್ಧವೇ. ದುಃಖ ಇಬ್ಬರದೂ ಹೌದು, ಆದರೆ ಸಮಪಾಲಲ್ಲ. ಗಂಡನಿಗೆ ಕರ್ತವ್ಯದ ಕರೆಯಿದೆ, ಹೋಗಲು ಇನ್ನೊಂದು ರಣರಂಗವಿದೆ. ತಾಯಿಗೆ ಅಂಥದ್ದೇನೂ ಇಲ್ಲ. ಸುಹಾಸಿನಿಯವರ ಅಭಿನಯ ಗಟ್ಟಿಯಾಗಿ ನಿಲ್ಲುವುದು ಇಲ್ಲಿಯೇ.

ಅದೇ ಮಹಾಯುದ್ಧದ ಎದುರು ಪಾಳೆಯದಿಂದ ಬಂದ ಚಿತ್ರ ಜಪಾನಿನ ನಿರ್ದೇಶಕ ಯಸುಜಿರೊ ಓಜು ಅವರ ‘ಗಾಳಿಗೆ ಸಿಕ್ಕ ಹೇಂಟೆ’ (1948). ಗಂಡ ಇನ್ನೂ ಸೇನೆಯಿಂದ ಮರಳಿಲ್ಲ. ಮಗುವಿಗೆ ಕಾಯಿಲೆ, ಆಸ್ಪತ್ರೆಗೆ ಕಟ್ಟಲು ಹಣವಿಲ್ಲದ ಹೆಂಡತಿ ಒಂದು ರಾತ್ರಿ ಮೈ ಮಾರಿಕೊಳ್ಳುತ್ತಾಳೆ. ಮರಳಿದ ಗಂಡ ಆಕೆ ಆ ರಾತ್ರಿ ಹೋಗಿದ್ದ ಮನೆಗೇ ಹೋಗಿ, ಅಲ್ಲಿ ದುಡಿಯುವ ಅಪರಿಚಿತ ಹುಡುಗಿಗೆ ಮರುಗುತ್ತಾನೆ, ಕೆಲಸ ಕೊಡಿಸಲು ಮುಂದಾಗುತ್ತಾನೆ. ಹೆಂಡತಿಯನ್ನು ಮಾತ್ರ ಕ್ಷಮಿಸಲಾರ. ಅವನು ತಳ್ಳಿದಾಗ ಆಕೆ ಮೆಟ್ಟಿಲುಗಳ ಮೇಲಿಂದ ಉರುಳಿ ಬೀಳುತ್ತಾಳೆ. ಸ್ವತಃ ಚೀನಾದಲ್ಲಿ ಸೈನಿಕನಾಗಿದ್ದ ಓಜು ಇಡೀ ಚಿತ್ರದಲ್ಲಿ ಒಂದು ಗುಂಡಿನ ಸದ್ದನ್ನೂ ಕೇಳಿಸುವುದಿಲ್ಲ. ಹಾಗಿದ್ದೂ ಇದು ಸೋತ ಚಿತ್ರವೆಂದೇ ಅವರು ಭಾವಿಸಿದ್ದರು.

ಬಾಬು ಅವರದು ಇದಕ್ಕೆ ತದ್ವಿರುದ್ಧ ದಾರಿ. ಅವರಿಗೆ ಫಿರಂಗಿ, ಹಿಮ, ಹಾಡು ಎಲ್ಲವೂ ಬೇಕು. ಹಂಸಲೇಖ ಸಾಹಿತ್ಯ ಮತ್ತು ಸಂಗೀತ ಎರಡನ್ನೂ ವಹಿಸಿಕೊಂಡರು. ಕರ್ನಾಟಕ ಸಂಗೀತದ ಎಂ. ಬಾಲಮುರಳಿಕೃಷ್ಣ ಕೆ.ಎಸ್. ಚಿತ್ರಾ ಜೊತೆ ಹಾಡಿದರು. ಯುದ್ಧದ ದೃಶ್ಯಗಳಲ್ಲಿ ಅಬ್ಬರ ತುಸು ಹೆಚ್ಚೇ ಆಯಿತೆನ್ನಬಹುದು. ಗಂಡಹೆಂಡಿರ ದೃಶ್ಯಗಳಿಗೆ ಆ ದೂರು ತಗಲುವುದಿಲ್ಲ.