ಹಾರೋಬೆಲೆಯಲ್ಲಿ ದಣಿದವರು ಹತ್ತುವ ಬೆಟ್ಟ

ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದಿತು ಅಂದರೆ ಆ ಮನೆಯವರ ನಿದ್ದೆ ಮುಗಿಯಿತು ಅಂತಲೇ ಲೆಕ್ಕ. ಅಲ್ಲಿಂದ ಒಂದು ವಾರ ಹುಳು ತಿನ್ನೋದೇ ತಿನ್ನೋದು. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಆ ಒಂದು ವಾರದಲ್ಲೇ ಖರ್ಚು. ಗಂಡ ಸೊಪ್ಪು ಕೊಯ್ದು ತಂದರೆ ಹೆಂಡತಿ ಹುಳುವಿಗೆ ಹಾಕಬೇಕು, ಕಸ ತೆಗೆಯಬೇಕು, ಅದರ ನಡುವೆ ಮಕ್ಕಳಿಗೆ ಮುದ್ದೆ ತಿರುವಬೇಕು. ರಾತ್ರಿ ಎದ್ದು ಮತ್ತೊಂದು ಸಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕೂ ಸೀಮೆಯಲ್ಲಿ ಇದು ಗೊತ್ತಿಲ್ಲದವರು ಯಾರಿದ್ದಾರೆ? ಬೆಳಗಿನ ಬಸ್ಸಿನಲ್ಲಿ ಗೂಡಿನ ಚೀಲ ಕಾಲ ಸಂದಿಗೆ ಇಟ್ಟುಕೊಂಡು, ಕಂಬಿಗೆ ತಲೆ ಆನಿಸಿ ನಿದ್ದೆ ಹೋದ ರೈತನನ್ನು ಕಂಡಕ್ಟರೂ ಎಬ್ಬಿಸೋದಿಲ್ಲ. ರಾಮನಗರದ ಮಾರ್ಕೆಟ್ ಬಂದಾಗ ಅವನೇ ಏಳುತ್ತಾನೆ.

ಇಷ್ಟು ದುಡಿದ ಮೇಲಾದರೂ ಕೈಗೆ ಕಾಸು ಹತ್ತುತ್ತದೆಯೇ ಅಂದರೆ ಅದಕ್ಕೂ ಖಾತ್ರಿಯಿಲ್ಲ. ಹಾಲುತೊಂಡೆ ಬಂದರೆ ಹುಳು ತಿಪ್ಪೆಗೆ. ಸಪ್ಪೆ ರೋಗ ಬಂದರೂ ಅದೇ ಗತಿ. 1980ರಲ್ಲಿ ಬಂಗಾಳದ ಕಡೆಯಿಂದ ಗೂಡಿನ ಜತೆ ಊಜಿ ನೊಣ ಬಂದು ಕರ್ನಾಟಕದಲ್ಲಿ ಬೇರು ಬಿಟ್ಟಿತು. ರೋಗ, ನೊಣ ಎರಡನ್ನೂ ದಾಟಿದರೆ ಮುಂದೆ ರೇಟು. 2011ರಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ ಒಂದೇ ಏಟಿಗೆ 5ಕ್ಕೆ ಇಳಿಸಿತು. ಗೂಡಿನ ಬೆಲೆ ದಬ್ಬನೆ ಬಿತ್ತು. ಎಷ್ಟೋ ಜನ ಹಿಪ್ಪುನೇರಳೆ ತೋಟವನ್ನೇ ಕಿತ್ತು ಹಾಕಿದರು. 2013ರಲ್ಲಿ ಸುಂಕವನ್ನು ಮತ್ತೆ 15ಕ್ಕೆ ಏರಿಸಿದರು ನಿಜ. ಆದರೆ ಕಿತ್ತ ಗಿಡ ಸುಂಕ ಏರಿಸಿದ ಮಾತ್ರಕ್ಕೆ ಚಿಗುರುತ್ತದೆಯೇ?

ಇಂಥ ಹೊತ್ತಿನಲ್ಲಿ ಮನುಷ್ಯ ಏನನ್ನು ಹಿಡಿದು ನಿಲ್ಲುತ್ತಾನೆ ಅನ್ನೋದೇ ಪ್ರಶ್ನೆ. ನಮ್ಮ ಕಡೆ ಇದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಬೆಟ್ಟ. ಕೆಲವರು ರೇವಣಸಿದ್ದೇಶ್ವರ ಬೆಟ್ಟದ ಮೆಟ್ಟಿಲು ಹತ್ತುತ್ತಾರೆ. ಮಾಗಡಿ ಕಡೆಯವರು ಸಾವನದುರ್ಗದ ವೀರಭದ್ರನಿಗೋ ನರಸಿಂಹನಿಗೋ ಹಣ್ಣುಕಾಯಿ ಮಾಡಿಸುತ್ತಾರೆ. ಕನಕಪುರ ತಾಲ್ಲೂಕಿನ ಹಾರೋಬೆಲೆಯವರಿಗೆ ಕಪಾಲಿಬೆಟ್ಟ.

ಹಾರೋಬೆಲೆ ಅಂದ ಕೂಡಲೇ ಅರ್ಕಾವತಿಯ ಡ್ಯಾಂ ನೆನಪಾಗುವವರು ಕೆಲವರು. ಗಲಾಟೆ ನೆನಪಾಗುವವರು ಹಲವರು. 2019ರ ಕ್ರಿಸ್‌ಮಸ್ ದಿನ ಈ ಬೆಟ್ಟದ ಮೇಲೆ 114 ಅಡಿ ಎತ್ತರದ ಯೇಸು ಪ್ರತಿಮೆಗೆ ಶಂಕುಸ್ಥಾಪನೆ ಆಯಿತು. 2020ರ ಜನವರಿ 13ಕ್ಕೆ ಕನಕಪುರದಲ್ಲಿ ಅದರ ವಿರುದ್ಧ ದೊಡ್ಡ ಮೆರವಣಿಗೆಯೂ ಆಯಿತು. ಪೇಪರಿನವರು, ಟೀವಿಯವರು ಬಂದರು, ಹೋದರು. ಪ್ರತಿಮೆಯ ಜಗಳ ಇಲ್ಲಿ ಬೇಡ. ಪ್ರತಿಮೆಯ ಮಾತು ಹುಟ್ಟುವ ಎಷ್ಟೋ ಮೊದಲಿನಿಂದ ಜನ ಆ ಬೆಟ್ಟ ಹತ್ತುತ್ತಿದ್ದರು. ಯಾಕೆ ಹತ್ತುತ್ತಿದ್ದರು ಅನ್ನೋದನ್ನು ಆ ಗಲಾಟೆಯಲ್ಲಿ ಕೇಳಿದವರು ಕಡಿಮೆ.

ಈ ಸೀಮೆಯ ಕ್ರೈಸ್ತರು ನಿನ್ನೆ ಮೊನ್ನೆಯವರಲ್ಲ. ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದದ್ದು 1649ರಲ್ಲಿ. ಬಂದವರು ಕನ್ನಡ ಕಲಿತು, ಕನ್ನಡದಲ್ಲೇ ಉಪದೇಶ ಮಾಡಿ, ಕನ್ನಡಕ್ಕೆ ವ್ಯಾಕರಣವನ್ನೂ ಬರೆದರು. ಮುಂದೆ 1773ರಲ್ಲಿ ಪೋಪರು ಯೇಸುಸಭೆಯನ್ನೇ ರದ್ದು ಮಾಡಿದರು. ಟಿಪ್ಪುವಿನ ಕಾಲದ ಯುದ್ಧಗಳಲ್ಲಿ ಕ್ರೈಸ್ತರ ಊರುಗಳು ಚೆದುರಿದವು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿಸ್ ಬಂದು ಉಳಿದವರನ್ನು ಒಟ್ಟುಗೂಡಿಸಿದರು. 1876ರಿಂದ 78ರವರೆಗಿನ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದ ಜನ ಲಕ್ಷಗಟ್ಟಲೆ ಸತ್ತರು. ಇಷ್ಟೆಲ್ಲ ಕಳೆದೂ ಹಾರೋಬೆಲೆಯಲ್ಲಿ ಗಂಟೆ ಬಾರಿಸುತ್ತಲೇ ಇದೆ. ಹೊಲದಲ್ಲಿ ಗೌಡರ ಮಕ್ಕಳ ಜತೆ ಒಂದೇ ಕನ್ನಡ, ಒಂದೇ ಬೈಗುಳ, ಒಂದೇ ಮುದ್ದೆ.

ಬೂದಿ ಬುಧವಾರದಿಂದ ಈಸ್ಟರ್‌ವರೆಗೆ, ಭಾನುವಾರ ಬಿಟ್ಟರೆ ನಲವತ್ತು ದಿನ. ಇದು ಕ್ರೈಸ್ತರ ತಪಸ್ಸುಕಾಲ. ಮೊಟ್ಟೆ ಒಡೆದ ಹುಳು ಗೂಡು ಕಟ್ಟಿ ಮಾರ್ಕೆಟ್ ಸೇರೋದಕ್ಕೂ ಅಷ್ಟು ದಿನ ಸಾಕು. ಅದೂ ಬೇಸಿಗೆಯ ಬೆಳೆ. ಹುಳುಮನೆ ಕಾದು ಹೋಗದಂತೆ ಗೋಣಿತಾಟಿಗೆ ನೀರು ಚಿಮುಕಿಸಿ ಚಿಮುಕಿಸಿ ಸೊಂಟ ಬೀಳುವ ಕಾಲ. ಅಂಥ ದಿನಗಳಲ್ಲೇ ಜನ ಶಿಲುಬೆಹಾದಿಗೆ ಸೇರುತ್ತಾರೆ, ಶುಭ ಶುಕ್ರವಾರ ಬಿಸಿಲಿನಲ್ಲಿ ಬೆಟ್ಟ ಹತ್ತುತ್ತಾರೆ. 'ಇರೋ ಸುಸ್ತು ಸಾಲದು ಅಂತ ಇದೊಂದು ಬೇರೆಯಾ?' ಅಂತ ಹೊರಗಿನವರಿಗೆ ಅನ್ನಿಸೋದು ಸಹಜ.

ಶಿಲುಬೆಹಾದಿ ಅಂದರೇನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಯೇಸುವಿಗೆ ಮರಣದಂಡನೆ ಆದ ಗಳಿಗೆಯಿಂದ ಸಮಾಧಿಯವರೆಗೆ 14 ನಿಲುಗಡೆ. ಒಂದೊಂದರಲ್ಲೂ ನಿಂತು, ಮೊಣಕಾಲೂರಿ, ಪ್ರಾರ್ಥಿಸಿ ಮುಂದೆ ಹೋಗಬೇಕು. ಈ 14ರ ಲೆಕ್ಕವನ್ನು 1731ರಲ್ಲಿ ಪೋಪ್ 12ನೇ ಕ್ಲೆಮೆಂಟ್ ಗಟ್ಟಿ ಮಾಡಿದರು. ಇವುಗಳಲ್ಲಿ ಮೂರನೆಯದು, ಏಳನೆಯದು, ಒಂಬತ್ತನೆಯದು ಮೂರೂ ಒಂದೇ ಸಂಗತಿ: ಶಿಲುಬೆ ಹೊತ್ತ ಯೇಸು ಕಾಲು ಸೋತು ನೆಲಕ್ಕೆ ಬೀಳೋದು.

ವಿಶೇಷ ಇರೋದು ಇಲ್ಲೇ. ಈ ಮೂರು ಬೀಳುವಿಕೆ ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿ ಎಲ್ಲೂ ಇಲ್ಲ. ತಲೆಮಾರಿನಿಂದ ತಲೆಮಾರಿಗೆ ಬಂದ ಜನರ ಭಕ್ತಿ ಇದನ್ನು ಸೇರಿಸಿಕೊಂಡಿತು. ಬೀಳದೆ, ಬೆವರದೆ ಬೆಟ್ಟ ಹತ್ತಿದ ದೇವರಿಗಿಂತ, ತಮ್ಮ ಹಾಗೇ ಮಂಡಿ ತರಚಿಕೊಂಡು ಎದ್ದ ದೇವರು ದುಡಿದು ಸೋತವರಿಗೆ ಹತ್ತಿರದವನಾಗಿ ಕಂಡಿರಬೇಕು. ಒಂದು ಸಲ ಬಿದ್ದರೆ ಎಡವಿದ ಅನ್ನಬಹುದು. ಎರಡನೇ ಸಲಕ್ಕೆ ಊರು ಆಡಿಕೊಳ್ಳುತ್ತದೆ. ಮೂರನೇ ಸಲ ಬಿದ್ದವನ ಕಡೆ ಯಾರೂ ತಿರುಗಿ ನೋಡೋದಿಲ್ಲ. ಸಾಲ ಮಾಡಿ ಮೂರು ಬೆಳೆ ಕಳಕೊಂಡವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಂಬತ್ತನೇ ನಿಲುಗಡೆಯಲ್ಲಿ ಮಂಡಿಯೂರಿದವರಿಗೆ ಗೊತ್ತಾಗೋದು ಇಷ್ಟೇ: ಬೀಳೋದು ಪಾಪವಲ್ಲ, ನಾಚಿಕೆಯೂ ಅಲ್ಲ. ಎದ್ದರಾಯಿತು.

ಐದನೇ ನಿಲುಗಡೆ ಸಿರೇನ್ಯದ ಸಿಮೋನನದು. ಇದು ಸುವಾರ್ತೆಯಲ್ಲೇ ಇದೆ. ಈತ ಶಿಷ್ಯನೂ ಅಲ್ಲ, ನೆಂಟನೂ ಅಲ್ಲ. ಹಳ್ಳಿ ಕಡೆಯಿಂದ ಪಟ್ಟಣಕ್ಕೆ ಬರುತ್ತಿದ್ದ ದಾರಿಹೋಕ. ಸಿಪಾಯಿಗಳು ಹಿಡಿದು ಯೇಸುವಿನ ಶಿಲುಬೆಯನ್ನು ಅವನ ಹೆಗಲಿಗೆ ಹೊರಿಸಿದರು. ತಾನಾಗಿ ಬಂದವನಲ್ಲ. ಆದರೂ ಹೊತ್ತ. ದೇವರ ಮಗನಿಗೇ ಇನ್ನೊಬ್ಬರ ಹೆಗಲು ಬೇಕಾಯಿತು ಅಂದ ಮೇಲೆ ಹುಲುಮಾನವರು 'ನನಗೆ ಆಗ್ತಿಲ್ಲ, ಸ್ವಲ್ಪ ಕೈ ಹಾಕಣ್ಣ' ಅನ್ನೋಕೆ ಯಾಕೆ ಸಂಕೋಚ? ಪ್ರಾರ್ಥನೆ ಸಾಲ ತೀರಿಸೋದಿಲ್ಲ, ಊಜಿ ನೊಣ ಓಡಿಸೋದೂ ಇಲ್ಲ. ಆದರೆ ಪಕ್ಕದಲ್ಲಿ ಮಂಡಿಯೂರಿದವನ ಮನೆಯಲ್ಲೂ ಬೆಳೆ ಹೋಗಿದೆ ಅಂತ ಗೊತ್ತಾದಾಗ ಎದೆಯ ಕಲ್ಲು ಅರ್ಧ ಇಳಿಯುತ್ತದೆ. ಬೆಟ್ಟ ಇಳಿದ ಮೇಲೆ ಸೊಪ್ಪು ಸಾಲದವರ ಮನೆಗೆ ಎರಡು ಹೊರೆ ಹೋದರೆ ಶಿಲುಬೆಹಾದಿ ಮನೆ ಬಾಗಿಲವರೆಗೂ ಬಂದಂತೆ.

ಈ ನೋವಿನ ಕಥೆಯನ್ನು ಹಾರೋಬೆಲೆಯವರು ರಂಗದ ಮೇಲೂ ತರುತ್ತಾರೆ. 'ಮಹಿಮೆ' ಎಂಬ ಅವರ ನಾಟಕಕ್ಕೆ ನೂರು ವರ್ಷ ದಾಟಿದೆ. ಪಾತ್ರಧಾರಿಗಳು ಕಂಪನಿ ನಾಟಕದವರಲ್ಲ, ಊರಿನವರೇ.

2020ರಲ್ಲಿ ಮಾತ್ರ ಎಲ್ಲಕ್ಕೂ ಕಲ್ಲು ಬಿತ್ತು. ಆ ವರ್ಷದ ಶುಭ ಶುಕ್ರವಾರ ಏಪ್ರಿಲ್ 10. ಮಾರ್ಚ್ 25ರಿಂದಲೇ ದೇಶಕ್ಕೆ ಬೀಗ. ದೇವಸ್ಥಾನ, ಮಸೀದಿ, ಚರ್ಚು ಎಲ್ಲ ಮುಚ್ಚಿದ್ದವು. ಬಸ್ಸಿಲ್ಲ, ಅಂಗಡಿಯಿಲ್ಲ. ಹುಳುವಿಗೆ ಮಾತ್ರ ಲಾಕ್‌ಡೌನ್ ತಿಳಿಯದು, ಅದು ತಿನ್ನುತ್ತಲೇ ಇತ್ತು. ಕ್ರೈಸ್ತರು ಶಿಲುಬೆಹಾದಿಯನ್ನು ಮನೆಯ ಗೋಡೆಗಳ ನಡುವೆಯೇ ಮುಗಿಸಬೇಕಾದ ವರ್ಷ ಅದು. ಬೆಟ್ಟ ಕಲ್ಲಿನಲ್ಲಷ್ಟೇ ಇರೋದಿಲ್ಲ ಅನ್ನೋದು ಆಗ ಎಲ್ಲ ಮತದವರಿಗೂ ಒಟ್ಟಿಗೇ ಗೊತ್ತಾಯಿತು.

ರೇಷ್ಮೆ ಮನೆಯವರಿಗೆ ಇನ್ನೊಂದು ಸಂಗತಿ ಚೆನ್ನಾಗಿ ಗೊತ್ತು. ಜ್ವರಕ್ಕೆ ಕೂತ ಹುಳು ತಿನ್ನೋದಿಲ್ಲ, ಅಲುಗಾಡೋದಿಲ್ಲ, ತಲೆ ಎತ್ತಿಕೊಂಡು ಸುಮ್ಮನಿರುತ್ತದೆ. ತಿಳಿಯದವರು ಸತ್ತೇಹೋಯಿತು ಅನ್ನಬೇಕು. ತಿಳಿದವರು ಆ ಹೊತ್ತಿನಲ್ಲಿ ಸೊಪ್ಪು ಹಾಕೋದಿಲ್ಲ, ಮುಟ್ಟಿ ಎಬ್ಬಿಸೋದೂ ಇಲ್ಲ. ಒಂದು ದಿನ ಕಳೆದರೆ ಹಳೇ ಚರ್ಮ ಕಳಚಿ ಅದೇ ಏಳುತ್ತದೆ, ಮೊದಲಿಗಿಂತ ಹಸಿದು ಏಳುತ್ತದೆ.

ಹುಳುವಿಗೆ ನಾಲ್ಕು ಸಲ ಈ ಬಿಡುವು ಕೊಡುವ ರೈತ ತನಗೆ ಒಂದು ಸಲವೂ ಕೊಟ್ಟುಕೊಳ್ಳೋದಿಲ್ಲ. ಹಾರೋಬೆಲೆಯ ದುಡಿಯುವ ಮನೆಗಳಿಗೆ ಆ ಬಿಡುವು ಸಿಗೋದು ಬೆಟ್ಟದ ಮೇಲೆ. ಸಂಜೆಗೆ ಇಳಿದು ಬಂದು ಕಾಲು ತೊಳೆದು, ಮಾರನೆ ದಿನ ಬೆಳಗ್ಗೆ ಕುಡುಗೋಲು ಹಿಡಿದು ತೋಟಕ್ಕೆ ಹೋಗುತ್ತಾರೆ.