ಯಾರು, ಏನು, ಎಲ್ಲಿಯವರೆಗೆ: ಲಾಗಿನ್ ಹಿಂದಿನ ಮೂರು ಪ್ರಶ್ನೆಗಳು

ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ನಾವು ಎಷ್ಟು ಸಲ ಯಂತ್ರಗಳ ಮುಂದೆ ನಮ್ಮ ಗುರುತು ಹೇಳಿಕೊಳ್ಳುತ್ತೇವೆ, ಒಮ್ಮೆ ಲೆಕ್ಕ ಹಾಕಿ ನೋಡಿ. ಮೊಬೈಲ್ ತೆರೆಯಲು ಬೆರಳು, ಕ್ಯಾಂಟೀನಿನಲ್ಲಿ ಯುಪಿಐ ಪಿನ್, ಲ್ಯಾಬಿನಲ್ಲಿ ಯೂಸರ್‌ನೇಮ್, ಲೈಬ್ರರಿಯಲ್ಲಿ ಐಡಿ ಕಾರ್ಡ್. ಇದನ್ನೆಲ್ಲ ನಾವು "ಲಾಗಿನ್" ಅನ್ನೋ ಒಂದೇ ಪದದಲ್ಲಿ ಮುಗಿಸಿಬಿಡುತ್ತೇವೆ. ಆದರೆ ಆ ಪದದ ಹಿಂದೆ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ನೀವು ಯಾರು? ನಿಮಗೆ ಏನೇನು ಮಾಡಲು ಅನುಮತಿ ಇದೆ? ಆ ಅನುಮತಿ ಎಲ್ಲಿಯವರೆಗೆ?

ಈ ಮೂರನ್ನೂ ನೋಡಿಕೊಳ್ಳುವ ವ್ಯವಸ್ಥೆಗೆ ಐಡೆಂಟಿಟಿ ಅಂಡ್ ಆಕ್ಸೆಸ್ ಮ್ಯಾನೇಜ್‌ಮೆಂಟ್, ಚಿಕ್ಕದಾಗಿ ಐಎಎಂ ಎನ್ನುತ್ತಾರೆ. ಕನ್ನಡದಲ್ಲಿ "ಗುರುತು ಮತ್ತು ಪ್ರವೇಶ ನಿರ್ವಹಣೆ" ಅನ್ನಬಹುದು. ಮೊದಲ ಪ್ರಶ್ನೆಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಎರಡನೆಯದಕ್ಕೆ ಕೆಲವರು. ಮೂರನೆಯದನ್ನು ಹೆಚ್ಚುಕಡಿಮೆ ಎಲ್ಲರೂ ಮರೆಯುತ್ತಾರೆ. ಮರೆತರೆ ಏನಾಗುತ್ತದೆ ಎಂಬುದನ್ನು ಮುಂದೆ ನೋಡೋಣ. ಮೊದಲು ಬುನಾದಿಯಿಂದ ಶುರು ಮಾಡೋಣ.

ಗುರುತು ಬೇರೆ, ಅದರ ಸಾಬೀತು ಬೇರೆ

ನಮ್ಮ ಯುಎಸ್‌ಎನ್ ಒಂದು ಗುರುತು. ಹಾಜರಿ ಪಟ್ಟಿಯಲ್ಲಿದೆ, ನೋಟಿಸ್ ಬೋರ್ಡಿನಲ್ಲಿದೆ, ಅಸೈನ್‌ಮೆಂಟಿನ ಮೊದಲ ಪುಟದಲ್ಲೂ ಇದೆ. ಅದು ಗುಟ್ಟಲ್ಲ, ಗುಟ್ಟಾಗಿರಬೇಕಾಗಿಯೂ ಇಲ್ಲ. ಒಬ್ಬರಿಂದ ಇನ್ನೊಬ್ಬರನ್ನು ಬೇರೆ ಮಾಡಿ ತೋರಿಸುವುದಷ್ಟೇ ಅದರ ಕೆಲಸ. ಆದರೆ ಆ ಯುಎಸ್‌ಎನ್ ಹೇಳಿದವರು ನಿಜವಾಗಿಯೂ ಅವರೇನಾ? ಇದನ್ನು ಪರೀಕ್ಷಿಸುವುದಕ್ಕೆ ದೃಢೀಕರಣ ಅಥವಾ ಅಥೆಂಟಿಕೇಶನ್ ಎಂದು ಹೆಸರು.

ಈ ಎರಡನ್ನು ಬೆರೆಸಿದಾಗಲೇ ಎಡವಟ್ಟು. ಎಷ್ಟೋ ಪೋರ್ಟಲ್‌ಗಳಲ್ಲಿ ನೋಂದಣಿ ಸಂಖ್ಯೆ ಯೂಸರ್‌ನೇಮ್, ಹುಟ್ಟಿದ ದಿನಾಂಕ ಪಾಸ್‌ವರ್ಡ್ ಆಗಿರುತ್ತದೆ. ನಿಮ್ಮ ಹುಟ್ಟುಹಬ್ಬದ ಕೇಕ್ ತಿಂದವರಿಗೆಲ್ಲ ಎರಡೂ ಗೊತ್ತು! ಗೊತ್ತಿರುವ ಗುರುತಿಗೆ ಗೊತ್ತಿರುವ ಇನ್ನೊಂದು ಮಾಹಿತಿ ಸೇರಿಸಿದರೆ ಅದು ಸಾಬೀತಾಗುವುದಿಲ್ಲ.

ಸಾಬೀತು ಮಾಡಲು ಮೂರು ದಾರಿಗಳಿವೆ. ನಮಗೆ ಮಾತ್ರ ಗೊತ್ತಿರುವುದು: ಪಾಸ್‌ವರ್ಡ್, ಪಿನ್. ನಮ್ಮ ಹತ್ತಿರ ಮಾತ್ರ ಇರುವುದು: ಎಟಿಎಂ ಕಾರ್ಡ್, ಸಿಮ್ ಇರುವ ಮೊಬೈಲ್. ನಮ್ಮ ದೇಹದಲ್ಲೇ ಇರುವುದು: ಬೆರಳಚ್ಚು, ಮುಖ, ಕಣ್ಣಿನ ಪಾಪೆ. ಇವುಗಳಲ್ಲಿ ಎರಡು ಬೇರೆ ಬೇರೆ ಬಗೆಯವನ್ನು ಒಟ್ಟಿಗೆ ಕೇಳಿದರೆ ಅದು ಎರಡು ಹಂತದ ದೃಢೀಕರಣ. ಎಟಿಎಂನಲ್ಲಿ ಕಾರ್ಡ್ ಮತ್ತು ಪಿನ್ ಎರಡೂ ಬೇಕು. ಯುಪಿಐನಲ್ಲೂ ಹಾಗೇ, ನೋಂದಾಯಿಸಿದ ಮೊಬೈಲ್ ಜೊತೆಗೆ ಸಾಮಾನ್ಯವಾಗಿ ಪಿನ್ ಬೇಕು. ಒಂದು ಪಾಸ್‌ವರ್ಡ್ ಕೇಳಿ ಆಮೇಲೆ "ನಿಮ್ಮ ಮೊದಲ ಶಾಲೆ ಯಾವುದು" ಎಂದು ಕೇಳಿದರೆ ಅದು ಎರಡು ಹಂತ ಅಲ್ಲ. ಎರಡೂ ಒಂದೇ ಬಗೆಯವು, ಒಂದೇ ಮೋಸಕ್ಕೆ ಎರಡೂ ಬಲಿಯಾಗುತ್ತವೆ.

ಬೆರಳಚ್ಚಿನ ಬಗ್ಗೆ ಒಂದು ಮಾತು. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸೋಕಾಗಲ್ಲ. ಹಾಗಾಗಿಯೇ ಆಧಾರ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡುವ ಸೌಲಭ್ಯ ಕೊಟ್ಟಿದ್ದಾರೆ. ಬೇಕಾದಾಗ ಮಾತ್ರ ತೆರೆಯಬಹುದು.

ಪಾಸ್‌ವರ್ಡ್ ಹುಟ್ಟಿದ್ದು, ಸೋರಿದ್ದು

ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯಲ್ಲಿ. ಫರ್ನಾಂಡೊ ಕೊರ್ಬಾಟೊ ತಂಡ ಕಟ್ಟಿದ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುತ್ತಿದ್ದರು. ಒಬ್ಬರ ಫೈಲನ್ನು ಇನ್ನೊಬ್ಬರು ಮುಟ್ಟಬಾರದು, ಪ್ರತಿಯೊಬ್ಬರೂ ತಮ್ಮ ಪಾಲಿನ ಸಮಯವನ್ನಷ್ಟೇ ಬಳಸಬೇಕು, ಅದಕ್ಕೇ ಪಾಸ್‌ವರ್ಡ್ ಬಂತು.

ಸ್ವಲ್ಪ ಕಾಲದಲ್ಲೇ ಅದು ಸೋರಿತು. 1962ರಲ್ಲಿ ಆಲನ್ ಶೆರ್ ಎಂಬ ಪಿಎಚ್‌ಡಿ ವಿದ್ಯಾರ್ಥಿಗೆ ಕೊಟ್ಟಿದ್ದ ಕಂಪ್ಯೂಟರ್ ಸಮಯ ಸಾಲುತ್ತಿರಲಿಲ್ಲ. ಆತ ಪಾಸ್‌ವರ್ಡ್ ಫೈಲನ್ನೇ ಪ್ರಿಂಟ್ ಹಾಕಿಸಿಕೊಂಡು ಬೇರೆಯವರ ಖಾತೆಗಳಲ್ಲಿ ಕೆಲಸ ಮುಗಿಸಿದ. 1966ರಲ್ಲಿ ಇನ್ನೊಂದು ತಮಾಷೆ. ಒಂದು ಸಾಫ್ಟ್‌ವೇರ್ ದೋಷದಿಂದ ಸ್ವಾಗತ ಸಂದೇಶದ ಫೈಲೂ ಪಾಸ್‌ವರ್ಡ್ ಫೈಲೂ ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಎಲ್ಲರ ಪಾಸ್‌ವರ್ಡುಗಳು ಕಾಣಿಸಿದವು.

ಪಾಸ್‌ವರ್ಡುಗಳನ್ನು ಇದ್ದಂತೆಯೇ ಬರೆದಿಟ್ಟದ್ದು ಇಲ್ಲಿನ ತಪ್ಪು. ಇದಕ್ಕೆ ಪರಿಹಾರ ಹ್ಯಾಶ್. ರಾಗಿ ಬೀಸಿ ಹಿಟ್ಟು ಮಾಡಬಹುದು, ಹಿಟ್ಟಿನಿಂದ ಮತ್ತೆ ರಾಗಿ ಮಾಡೋಕಾಗಲ್ಲ. ಕಂಪ್ಯೂಟರ್ ನಿಮ್ಮ ಪಾಸ್‌ವರ್ಡನ್ನು ಬೀಸಿ ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಮತ್ತೆ ನೀವು ಬಂದಾಗ ಕೊಟ್ಟದ್ದನ್ನು ಬೀಸಿ, ಎರಡು ಹಿಟ್ಟೂ ಒಂದೇನಾ ಎಂದು ನೋಡುತ್ತದೆ. ಆದರೆ ಇಬ್ಬರದ್ದು ಒಂದೇ ಪಾಸ್‌ವರ್ಡ್ ಆಗಿದ್ದರೆ ಹಿಟ್ಟೂ ಒಂದೇ ಆಗಿ ಗುಟ್ಟು ಬಯಲಾಗುತ್ತದೆ. ಅದಕ್ಕೆ ಪ್ರತಿಯೊಬ್ಬರ ಪಾಸ್‌ವರ್ಡಿಗೂ ಬೇರೆ ಬೇರೆ ಯಾದೃಚ್ಛಿಕ ಅಕ್ಷರಗಳನ್ನು ಸೇರಿಸಿ ಬೀಸುತ್ತಾರೆ. ಅದಕ್ಕೆ ಸಾಲ್ಟ್, ಅಂದರೆ ಉಪ್ಪು, ಎಂದೇ ಹೆಸರು! ಯುನಿಕ್ಸ್‌ನಲ್ಲಿ ಇದನ್ನು ಮಾಡಿದ ಬಗೆಯನ್ನು ರಾಬರ್ಟ್ ಮೋರಿಸ್ ಮತ್ತು ಕೆನ್ ಥಾಂಪ್ಸನ್ 1979ರ ಪ್ರಬಂಧವೊಂದರಲ್ಲಿ ವಿವರಿಸಿದ್ದಾರೆ.

ಇದರಿಂದ ನಮಗೊಂದು ಸುಲಭ ಪರೀಕ್ಷೆ ಸಿಗುತ್ತದೆ. "ಪಾಸ್‌ವರ್ಡ್ ಮರೆತೆ" ಎಂದು ಒತ್ತಿದಾಗ ಯಾವುದಾದರೂ ವೆಬ್‌ಸೈಟ್ ನಿಮ್ಮ ಹಳೆಯ ಪಾಸ್‌ವರ್ಡನ್ನೇ ಇಮೇಲ್ ಮಾಡಿತು ಅಂದ್ರೆ, ಅವರು ಹಿಟ್ಟಲ್ಲ, ರಾಗಿಯನ್ನೇ ಇಟ್ಟುಕೊಂಡಿದ್ದಾರೆ ಎಂದರ್ಥ. ಆ ಪಾಸ್‌ವರ್ಡ್ ಬೇರೆಲ್ಲಾದರೂ ಬಳಸಿದ್ದರೆ ಕೂಡಲೇ ಬದಲಾಯಿಸಿ.

ಒಳಗೆ ಬಂದಾಯ್ತು, ಮುಂದೆ?

ಕಾಲೇಜಿನ ಗೇಟಿನಲ್ಲಿ ಐಡಿ ಕಾರ್ಡ್ ತೋರಿಸಿ ಒಳಗೆ ಬಂದಿರಿ. ಹಾಗಂತ ಪರೀಕ್ಷಾ ವಿಭಾಗದ ಬೀರು ತೆಗೆಯಬಹುದೇ? ಇಲ್ಲ. ನೀವು ಯಾರು ಎಂಬುದು ಸಾಬೀತಾದರೂ, ಏನು ಮಾಡಬಹುದು ಎಂಬುದು ಇನ್ನೂ ತೀರ್ಮಾನ ಆಗಿಲ್ಲ. ಈ ಎರಡನೇ ತೀರ್ಮಾನಕ್ಕೆ ಆಥರೈಸೇಶನ್, ಅಂದರೆ ಅನುಮತಿ, ಎನ್ನುತ್ತಾರೆ.

ಈ ವ್ಯತ್ಯಾಸ ಕಾನೂನಿನಲ್ಲೂ ಕಾಣುತ್ತದೆ. 2016ರ ಆಧಾರ್ ಕಾಯ್ದೆ, ಆಧಾರ್ ಸಂಖ್ಯೆ ಪೌರತ್ವಕ್ಕೆ ಪುರಾವೆ ಅಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಅದು ಹೇಳುವುದು "ಇವರು ಇವರೇ" ಎಂದಷ್ಟೇ. ಯಾರಿಗೆ ಯಾವ ಹಕ್ಕು ಎಂಬುದು ಬೇರೆ ಪ್ರಶ್ನೆ. ವೆಬ್ ಪ್ರೋಗ್ರಾಮಿಂಗ್ ಮಾಡುವವರಿಗೆ ಇದೇ ವ್ಯತ್ಯಾಸ ಎರಡು ಸಂಖ್ಯೆಗಳಲ್ಲಿ ಸಿಗುತ್ತದೆ. ಸರ್ವರ್ 401 ಕಳಿಸಿದರೆ "ನೀನು ಯಾರು ಅಂತ ಗೊತ್ತಾಗಲಿಲ್ಲ" ಎಂದು. 403 ಕಳಿಸಿದರೆ "ನೀನು ಯಾರಾದರೂ ಸರಿ, ಇದಕ್ಕೆ ನಿನಗೆ ಅನುಮತಿ ಇಲ್ಲ" ಎಂದು.

ಅನುಮತಿ ಕೊಡುವಾಗ ಪಾಲಿಸಬೇಕಾದ ಮುಖ್ಯ ನಿಯಮ ಒಂದೇ: ಕೆಲಸಕ್ಕೆ ಬೇಕಾದಷ್ಟೇ ಕೊಡಿ. ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರ ತಮ್ಮ ಪ್ರಬಂಧದಲ್ಲಿ ಇದನ್ನು ಭದ್ರತೆಯ ಮೂಲ ತತ್ವಗಳಲ್ಲಿ ಒಂದಾಗಿ ಪಟ್ಟಿ ಮಾಡಿದ್ದಾರೆ. ಲಿನಕ್ಸ್ ಲ್ಯಾಬಿನಲ್ಲಿ ಪ್ರೋಗ್ರಾಂ ಓಡದಿದ್ದಾಗ ಹಿಂದೆಮುಂದೆ ನೋಡದೆ "ಸಿಎಚ್‌ಮೋಡ್ 777" ಹೊಡೆಯೋದು ಇದಕ್ಕೆ ಸರಿಯಾಗಿ ಉಲ್ಟಾ. ಓದಲು, ಬರೆಯಲು, ಓಡಿಸಲು ಊರಿಗೆಲ್ಲ ಅನುಮತಿ ಕೊಟ್ಟಹಾಗೆ.

ಸಾವಿರಾರು ಜನರಿಗೆ ಒಬ್ಬೊಬ್ಬರಾಗಿ ಅನುಮತಿ ಬರೆಯುತ್ತಾ ಕೂರುವುದು ಆಗದ ಮಾತು. ಅದಕ್ಕೆ ಅನುಮತಿಯನ್ನು ವ್ಯಕ್ತಿಗಲ್ಲ, ಪಾತ್ರಕ್ಕೆ ಕೊಡುತ್ತಾರೆ. 1992ರಲ್ಲಿ ಡೇವಿಡ್ ಫೆರೈಯೊಲೊ ಮತ್ತು ರಿಚರ್ಡ್ ಕುನ್ ಈ ವಿಧಾನಕ್ಕೆ ಒಂದು ಶಾಸ್ತ್ರೀಯ ರೂಪ ಕೊಟ್ಟರು. ವಿದ್ಯಾರ್ಥಿ ತನ್ನ ಅಂಕ ನೋಡಬಹುದು. ಉಪನ್ಯಾಸಕರು ತಮ್ಮ ವಿಷಯದ ಅಂಕ ತುಂಬಬಹುದು. ಎಚ್‌ಓಡಿ ಒಪ್ಪಿಗೆ ಕೊಡಬಹುದು. ತುಂಬುವವರೇ ಒಪ್ಪಿಗೆಯನ್ನೂ ಕೊಡುವ ಹಾಗಿದ್ದರೆ ತಪ್ಪು ಹಿಡಿಯುವವರೇ ಇರಲ್ಲ. ಹಾಗಾಗಿ ಈ ಎರಡು ಪಾತ್ರಗಳನ್ನು ಒಬ್ಬರಿಗೇ ಕೊಡಬಾರದು.

ದರ್ಶಿನಿಯ ಟೋಕನ್

ಪ್ರತಿ ಕ್ಲಿಕ್ಕಿಗೂ ಪಾಸ್‌ವರ್ಡ್ ಕೇಳಿದರೆ ಯಾರಿಗೂ ಬೇಜಾರಾಗುತ್ತೆ. ಇದಕ್ಕೆ ಪರಿಹಾರ ನಮ್ಮ ದರ್ಶಿನಿಗಳಲ್ಲೇ ಇದೆ. ಕೌಂಟರಿನಲ್ಲಿ ದುಡ್ಡು ಕೊಡ್ತೀರಿ, ಟೋಕನ್ ತಗೋತೀರಿ. ಕಾಫಿ ಕೊಡುವವರು ನಿಮ್ಮ ಹೆಸರು ಕೇಳಲ್ಲ, ಟೋಕನ್ ನೋಡ್ತಾರೆ ಅಷ್ಟೇ. ಕಂಪ್ಯೂಟರಿನಲ್ಲೂ ಒಮ್ಮೆ ಲಾಗಿನ್ ಆದ ಮೇಲೆ ನಿಮ್ಮ ಬ್ರೌಸರಿಗೆ ಒಂದು ಟೋಕನ್ ಸಿಗುತ್ತದೆ. ಆಮೇಲೆ ಅದನ್ನೇ ತೋರಿಸುತ್ತಾ ಹೋಗುತ್ತದೆ.

ಅಪಾಯವೂ ದರ್ಶಿನಿಯದ್ದೇ. ಟೋಕನ್ ಕೆಳಗೆ ಬಿದ್ದು ಬೇರೆಯವರಿಗೆ ಸಿಕ್ಕರೆ ಕಾಫಿ ಅವರದ್ದೇ. ಲ್ಯಾಬಿನ ಕಂಪ್ಯೂಟರಿನಲ್ಲಿ ಲಾಗ್‌ಔಟ್ ಮಾಡದೆ ಎದ್ದುಬಂದರೆ ಟೋಕನ್ನನ್ನು ಮೇಜಿನ ಮೇಲೆ ಬಿಟ್ಟು ಬಂದ ಹಾಗೆ. ಪಾಸ್‌ವರ್ಡ್ ಎಷ್ಟೇ ಗಟ್ಟಿ ಇದ್ದರೂ ಉಪಯೋಗವಿಲ್ಲ. ಹಾಗಾಗಿಯೇ ಬ್ಯಾಂಕಿನ ಟೋಕನ್ನುಗಳಿಗೆ ಕೆಲವೇ ನಿಮಿಷಗಳ ಆಯುಸ್ಸು.

"ಗೂಗಲ್ ಮೂಲಕ ಸೈನ್ ಇನ್" ಎಂಬ ಗುಂಡಿಯೂ ಟೋಕನ್ ವ್ಯವಹಾರವೇ. ನಿಮ್ಮ ಗೂಗಲ್ ಪಾಸ್‌ವರ್ಡ್ ಆ ಆ್ಯಪಿಗೆ ಹೋಗುವುದಿಲ್ಲ. ಗೂಗಲ್ ನಿಮ್ಮ ಗುರುತನ್ನು ಪರೀಕ್ಷಿಸಿ, ನೀವು ಒಪ್ಪಿದ ಅನುಮತಿಗಳಿರುವ ಟೋಕನ್ನನ್ನು ಆ್ಯಪಿಗೆ ಕೊಡುತ್ತದೆ. ಆದರೆ ಆಗ ಬರುವ ಒಪ್ಪಿಗೆ ಪರದೆಯನ್ನು ಓದುವವರು ಎಷ್ಟು ಜನ? ಒಂದು ಕ್ವಿಜ್ ಆ್ಯಪ್ ನಿಮ್ಮ ಇಮೇಲ್ ಓದಲು ಅನುಮತಿ ಕೇಳುತ್ತಿದ್ದರೆ ಅದಕ್ಕೆ ಕಾರಣವೇ ಇಲ್ಲ. ಅಲ್ಲೇ ನಿಲ್ಲಿಸಿ.

ಎಲ್ಲಿಯವರೆಗೆ?

ಈಗ ಮೂರನೇ ಪ್ರಶ್ನೆ. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯ ಕಂಪ್ಯೂಟರುಗಳಿಗೆ ರ‍್ಯಾನ್ಸಮ್‌ವೇರ್ ದಾಳಿಯಾಯಿತು. ಟೆಕ್ಸಾಸ್‌ನಿಂದ ನ್ಯೂಯಾರ್ಕ್ ಕಡೆಗೆ ಸುಮಾರು 8,850 ಕಿಲೋಮೀಟರ್ ಉದ್ದದ ಈ ಕೊಳವೆ ಜಾಲ ಅಮೆರಿಕದ ಪೂರ್ವ ಕರಾವಳಿಗೆ ಬೇಕಾದ ಇಂಧನದಲ್ಲಿ ಸುಮಾರು 45 ಶೇಕಡಾ ಸಾಗಿಸುತ್ತದೆ. ಅದು ಹಲವು ದಿನ ನಿಂತುಹೋಯಿತು. ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು, ಎಷ್ಟೋ ಬಂಕುಗಳು ಬರಿದಾದವು. ಕಂಪನಿ 75 ಬಿಟ್‌ಕಾಯಿನ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 44 ಲಕ್ಷ ಡಾಲರ್, ಒತ್ತೆಹಣ ಕೊಟ್ಟಿತು. ಅದರಲ್ಲಿ ಬಹುಪಾಲು ಬಿಟ್‌ಕಾಯಿನ್‌ಗಳನ್ನು ಅಮೆರಿಕ ಸರ್ಕಾರ ಆಮೇಲೆ ವಶಪಡಿಸಿಕೊಂಡಿತು.

ಕಳ್ಳರು ನುಗ್ಗಿದ್ದು ಎಲ್ಲಿಂದ? ಯಾರೂ ಬಳಸದ ಒಂದು ಹಳೆಯ ವಿಪಿಎನ್ ಖಾತೆಯಿಂದ. ಬಳಕೆ ನಿಂತಿತ್ತು, ಆದರೆ ಖಾತೆ ಮುಚ್ಚಿರಲಿಲ್ಲ. ಎರಡನೇ ಹಂತದ ದೃಢೀಕರಣವೂ ಇರಲಿಲ್ಲ. ಅದರ ಪಾಸ್‌ವರ್ಡ್ ಸುಲಭದ್ದಲ್ಲ, ಕ್ಲಿಷ್ಟವಾದದ್ದೇ ಎಂದು ಕಂಪನಿಯ ಮುಖ್ಯಸ್ಥರು ಸೆನೆಟ್ ಮುಂದೆ ಹೇಳಿದರು. ಆದರೆ ಆ ಪಾಸ್‌ವರ್ಡ್ ಸೋರಿಹೋದ ಪಾಸ್‌ವರ್ಡುಗಳ ರಾಶಿಯೊಂದರಲ್ಲಿ ಪತ್ತೆಯಾಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಆ ದಿಡ್ಡಿ ಬಾಗಿಲು ಒಂದಿದೆ ಎಂಬುದೇ ಯಾರ ನೆನಪಿನಲ್ಲೂ ಇರಲಿಲ್ಲ.

ಗುರುತಿಗೂ ಹುಟ್ಟು, ಬದಲಾವಣೆ, ಸಾವು ಇವೆ. ಹೊಸಬರು ಬಂದಾಗ ಖಾತೆ ತೆರೆಯುತ್ತೇವೆ, ಯಾಕಂದ್ರೆ ತೆರೆಯದಿದ್ದರೆ ಅವರೇ ಬಂದು ಕೇಳುತ್ತಾರೆ. ಕೆಲಸ ಬದಲಾದಾಗ ಹೊಸ ಅನುಮತಿ ಕೊಡುತ್ತೇವೆ, ಹಳೆಯದನ್ನು ತೆಗೆಯುವುದಿಲ್ಲ. ಪರೀಕ್ಷಾ ವಿಭಾಗದಿಂದ ಲೈಬ್ರರಿಗೆ ಹೋದವರ ಕೈಯಲ್ಲಿ ಎರಡೂ ಕಡೆಯ ಕೀಲಿ ಉಳಿಯುತ್ತದೆ. ಬಿಟ್ಟುಹೋದಾಗ ಖಾತೆ ಮುಚ್ಚಬೇಕು. ಆದರೆ "ನನ್ನ ಅನುಮತಿ ತೆಗೀರಿ" ಅಂತ ಯಾರೂ ಬಂದು ಕೇಳಲ್ಲ. ಕೇಳುವವರಿಲ್ಲದ ಕೆಲಸ ಉಳಿದುಹೋಗುತ್ತದೆ. ಇದಕ್ಕೆ ಒಬ್ಬರನ್ನು ಹೊಣೆ ಮಾಡಿ, ಒಂದು ದಿನಾಂಕ ಗೊತ್ತುಮಾಡದೆ ಬೇರೆ ದಾರಿ ಇಲ್ಲ.

ಯಂತ್ರಗಳ ಗುರುತಿಗೂ ಇದೇ ಮಾತು. ಪ್ರಾಜೆಕ್ಟಿಗೆ ತೆಗೆದುಕೊಂಡ ಕ್ಲೌಡ್ ಕೀಲಿಯನ್ನು ಕೋಡಿನಲ್ಲೇ ಬರೆದು ಗಿಟ್‌ಹಬ್‌ಗೆ ಹಾಕಿದವರು, ಮುಂದಿನ ಕಮಿಟ್‌ನಲ್ಲಿ ಆ ಸಾಲು ಅಳಿಸಿದರೆ ಸಾಕು ಅಂದುಕೊಳ್ಳುತ್ತಾರೆ. ಸಾಲದು. ಹಳೆಯ ಕಮಿಟ್‌ಗಳಲ್ಲಿ ಅದು ಹಾಗೇ ಇರುತ್ತದೆ. ಆ ಕೀಲಿಯನ್ನೇ ರದ್ದು ಮಾಡಿ ಹೊಸದು ತೆಗೆದುಕೊಳ್ಳಬೇಕು.

ನಮ್ಮ ಅಂಗಳದಲ್ಲಿ

ಇದೆಲ್ಲ ದೊಡ್ಡ ಕಂಪನಿಗಳ ತಲೆನೋವು ಅನ್ನಿಸಬಹುದು. ಆದರೆ ಕಾಲೇಜು ಸಂಘಗಳನ್ನೇ ನೋಡಿ. ಒಂದು ಇನ್‌ಸ್ಟಾಗ್ರಾಂ ಖಾತೆ, ಒಂದು ಜಿಮೇಲ್, ಫೆಸ್ಟಿನ ನೋಂದಣಿ ಫಾರಂ. ಆ ಫಾರಂನಲ್ಲಿ ನೂರಾರು ವಿದ್ಯಾರ್ಥಿಗಳ ಹೆಸರು, ಫೋನ್ ನಂಬರ್, ಹಣ ಕಟ್ಟಿದ ಸ್ಕ್ರೀನ್‌ಶಾಟ್. ಪಾಸ್‌ವರ್ಡ್ ಒಂದೇ, ಅದು ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ವಾಟ್ಸ್ಆ್ಯಪ್‌ನಲ್ಲಿ ಇಳಿದು ಬರುತ್ತದೆ. ನಾಲ್ಕು ಬ್ಯಾಚ್ ದಾಟಿದ ಮೇಲೆ ಆ ಕೀಲಿ ಯಾರ್ಯಾರ ಹತ್ತಿರ ಇದೆ ಎಂದು ಯಾರೂ ಹೇಳಲಾರರು. ಒಂದು ದಿನ ಎಲ್ಲ ಫೋಟೋ ಅಳಿಸಿಹೋದರೆ ಯಾರು ಮಾಡಿದ್ದು ಎಂದು ಪತ್ತೆ ಹಚ್ಚುವುದೂ ಕಷ್ಟ, ಯಾಕಂದ್ರೆ ದಾಖಲೆಯಲ್ಲಿ ಎಲ್ಲರದ್ದೂ ಒಂದೇ ಹೆಸರು. ಹಂಚಿಕೊಂಡ ಲಾಗಿನ್‌ನ ದೊಡ್ಡ ನಷ್ಟ ಇದೇ. ತಪ್ಪು ಮಾಡದವರೂ ಅನುಮಾನದಿಂದ ತಪ್ಪಿಸಿಕೊಳ್ಳೋಕಾಗಲ್ಲ.

ಹಾಗಾಗಿ ಪದಾಧಿಕಾರಿಗಳು ಬದಲಾಗುವ ದಿನ ಹಾರ, ಶಾಲಿನ ಜೊತೆಗೆ ನಾವೆಲ್ಲ ಅರ್ಧ ಗಂಟೆ ಇದಕ್ಕೂ ಎತ್ತಿಡೋಣ:

1. ಸಂಘದ ಖಾತೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದಕ್ಕೂ ಒಬ್ಬ ಹೊಣೆಗಾರರನ್ನು ಗೊತ್ತುಮಾಡಿ.
2. ಡ್ರೈವ್, ಫಾರಂಗಳಿಗೆ ಪಾಸ್‌ವರ್ಡ್ ಹಂಚಬೇಡಿ. ಅವರವರ ಇಮೇಲ್‌ಗೆ ಬೇಕಾದಷ್ಟೇ ಅನುಮತಿ ಕೊಡಿ. ನೋಡುವವರಿಗೆ ನೋಡುವುದಷ್ಟೇ ಸಾಕು.
3. ಹಂಚದೆ ವಿಧಿಯಿಲ್ಲದ ಖಾತೆಯಿದ್ದರೆ ಅದೇ ದಿನ ಪಾಸ್‌ವರ್ಡ್ ಬದಲಾಯಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ, ರಿಕವರಿ ಫೋನ್ ನಂಬರ್ ಈಗಿನವರದ್ದೇನಾ ಎಂದು ನೋಡಿ.
4. ಎರಡು ಹಂತದ ದೃಢೀಕರಣ ಹಾಕಿ.
5. ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ಹಳೆಯ ಆ್ಯಪ್‌ಗಳಿಗೆ ಕೊಟ್ಟ ಅನುಮತಿಗಳ ಪಟ್ಟಿ ಇರುತ್ತದೆ. ಬೇಡದ್ದನ್ನು ತೆಗೆಯಿರಿ.

ಸೀನಿಯರ್‌ಗಳ ಮೇಲೆ ನಂಬಿಕೆ ಇಲ್ಲ ಎಂದಲ್ಲ. ಅವರ ಫೋನ್ ಕಳೆದುಹೋಗಬಹುದು, ಅವರ ಇಮೇಲ್ ಯಾರೋ ಕದಿಯಬಹುದು. ಆಗ ನಮ್ಮ ಬಾಗಿಲೂ ತೆರೆದುಕೊಳ್ಳುತ್ತದೆ. ಕೀಲಿ ವಾಪಸ್ ತಗೊಂಡರೆ ಹೋದವರಿಗೂ ಹೊರೆ ಇಳಿಯುತ್ತದೆ, ಇರುವವರಿಗೂ ನಿಶ್ಚಿಂತೆ.