ಮಾದರಿ ರೈಲಿನ ಕವಲುಹಳಿಯೂ ವಿದ್ಯುದ್ದೋಷವೂ

ಆಟಿಕೆಯೆಂದು ಕಡೆಗಣಿಸಲ್ಪಡುವ ವಸ್ತುಗಳಲ್ಲಿಯೂ ಶಾಸ್ತ್ರವು ಅಡಗಿರುತ್ತದೆಂಬುದಕ್ಕೆ ಮಾದರಿ ರೈಲು ಉತ್ತಮ ನಿದರ್ಶನವಾಗಿದೆ. ಜರ್ಮನಿಯ ಮೆರ್ಕ್ಲಿನ್ ಸಂಸ್ಥೆಯು 1891ರಲ್ಲಿ ಲೈಪ್‌ಜಿಗ್ ನಗರದ ವಾಣಿಜ್ಯ ಮೇಳದಲ್ಲಿ ಕೀಲಿಕೊಟ್ಟು ಓಡಿಸುವ ರೈಲನ್ನು ಹಳಿಗಳ ಸಮೇತ ಪ್ರದರ್ಶಿಸಿತು. ಕಾಲಕ್ರಮದಲ್ಲಿ ಕೀಲಿಯ ಸ್ಥಾನವನ್ನು ವಿದ್ಯುಚ್ಛಕ್ತಿಯು ಪಡೆಯಿತು. ಇಂದು ಯೂರೋಪು, ಅಮೆರಿಕಗಳಲ್ಲಿ ವಿಶೇಷವಾಗಿ ಬಳಕೆಯಲ್ಲಿರುವ ‘ಎಚ್‌ಓ’ ಮಾದರಿಯು ನಿಜವಾದ ರೈಲಿನ 87ನೆಯ ಒಂದು ಪಾಲು. ಅದರ ಹಳಿಗಳ ನಡುವಣ ಅಂತರ 16.5 ಮಿಲಿಮೀಟರ್.

ಸಾಮಾನ್ಯ ಪದ್ಧತಿಯಲ್ಲಿ ಹಳಿಗಳೇ ತಂತಿಗಳು. ಒಂದು ಹಳಿ ಧನ, ಮತ್ತೊಂದು ಋಣ. ಸುಮಾರು 12 ವೋಲ್ಟುಗಳ ವಿದ್ಯುತ್ತು ಒಂದು ಹಳಿಯಿಂದ ಚಕ್ರದ ಮೂಲಕ ಎಂಜಿನ್ನಿನ ಮೋಟಾರನ್ನು ಸೇರಿ, ಎದುರಿನ ಚಕ್ರದಿಂದ ಇನ್ನೊಂದು ಹಳಿಗೆ ಇಳಿಯುತ್ತದೆ. ಮೋಟಾರಿನ ಹಂಗಿಲ್ಲದೆ ಧನ ಋಣಗಳು ನೇರವಾಗಿ ಕೂಡಿದರೆ ಅದೇ ‘ಶಾರ್ಟ್ ಸರ್ಕಿಟ್’. ಆಗ ಪ್ರವಾಹವು ಮಿತಿಮೀರಿ, ತಂತಿ ಕಾಯ್ದು, ರೈಲು ನಿಲ್ಲುತ್ತದೆ.

ನೇರವಾದ ಹಾದಿಯಲ್ಲಿ ಈ ಭಯ ಅಲ್ಪ. ಆದರೆ ಹಾದಿ ಎರಡಾಗಿ ಕವಲೊಡೆಯುವಲ್ಲಿ, ಎಡಹಾದಿಯ ಬಲಹಳಿಯೂ ಬಲಹಾದಿಯ ಎಡಹಳಿಯೂ ಒಂದನ್ನೊಂದು ಸಂಧಿಸಲೇಬೇಕು. ಅವೆರಡೂ ವಿರುದ್ಧ ಧ್ರುವಗಳು. ಇಂಗ್ಲಿಷಿನಲ್ಲಿ ‘ಫ್ರಾಗ್’, ಎಂದರೆ ಕಪ್ಪೆ, ಎಂದು ಕರೆಯಲ್ಪಡುವ ಈ ಸಂಧಿಸ್ಥಾನವೇ ದೋಷದ ತವರು.

ಇದನ್ನು ನಿವಾರಿಸಲು ಎರಡು ವಿಧಾನಗಳುಂಟು. ಮೊದಲನೆಯದರಲ್ಲಿ ಸಂಧಿಸ್ಥಾನವನ್ನು ಪ್ಲಾಸ್ಟಿಕ್ಕಿನಿಂದ ಮಾಡಿರುತ್ತಾರೆ. ಇಲ್ಲಿ ಎರಡು ಹಳಿಗಳ ತುದಿಗಳು ಬಹು ಸಮೀಪದಲ್ಲಿರುವುದರಿಂದ, ಅಗಲವಾದ ಚಕ್ರವು ಏಕಕಾಲದಲ್ಲಿ ಎರಡನ್ನೂ ಮುಟ್ಟಿ ಕಿಡಿ ಹಾರಿಸುವುದುಂಟು. ಆ ತುದಿಗಳ ಮೇಲೆ ಉಗುರುಬಣ್ಣವನ್ನು ತೆಳುವಾಗಿ ಲೇಪಿಸಿದರೆ ದೋಷ ಅಡಗುತ್ತದೆ. ಲೇಪ ಸವೆದಾಗ ಮತ್ತೆ ಹಚ್ಚಬೇಕು.

ಎರಡನೆಯದರಲ್ಲಿ ಸಂಧಿಸ್ಥಾನವೂ ಲೋಹದ್ದೇ. ಚಲಿಸುವ ನಾಲಗೆಯಂಥ ಹಳಿಗಳು ಯಾವ ಪಕ್ಕಕ್ಕೆ ಅಂಟುವವೋ ಆ ಪಕ್ಕದ ಧ್ರುವವು ಅದಕ್ಕೆ ಪ್ರಾಪ್ತವಾಗುತ್ತದೆ. ಆದ್ದರಿಂದ ಸಂಧಿಯಿಂದ ಮುಂದೆ ಸಾಗುವ ಎರಡು ಒಳಹಳಿಗಳನ್ನೂ ಕತ್ತರಿಸಿ ಅಂತರವಿಡಬೇಕು; ಇಲ್ಲವಾದರೆ ಆಚೆಯಿಂದ ಬರುವ ವಿರುದ್ಧ ಧ್ರುವವು ಇಲ್ಲಿ ಬಂದು ತಾಗುತ್ತದೆ. ಬೇಸಗೆಯಲ್ಲಿ ಹಳಿ ಹಿಗ್ಗಿ ಈ ಅಂತರ ಮುಚ್ಚಿಹೋಗಬಹುದಾದುದರಿಂದ ಅದರಲ್ಲಿ ಪ್ಲಾಸ್ಟಿಕ್ ತುಣುಕನ್ನು ತುಂಬುವುದು ಲೇಸು. ಧ್ರುವವನ್ನು ಪ್ರತ್ಯೇಕ ಸ್ವಿಚ್ಚಿನಿಂದ ಬದಲಿಸುವ ಏರ್ಪಾಡಿದ್ದಲ್ಲಿ, ಅದರ ಎರಡು ತಂತಿಗಳು ಅದಲುಬದಲಾದರೂ ದೋಷವು ತಪ್ಪದು.

ಕೆಲವು ವೇಳೆ ಹಳಿಯು ನಿರ್ದೋಷಿ, ಚಕ್ರವೇ ಅಪರಾಧಿ. ಜೋಡಿಚಕ್ರಗಳು ಪರಸ್ಪರ ತೀರ ಸಮೀಪದಲ್ಲಿದ್ದರೆ ಚಕ್ರದ ಹಿಂಬದಿಯು ತೆರೆದಿರುವ ನಾಲಗೆಯನ್ನು ಸವರುತ್ತದೆ. ಒಂದೇ ಡಬ್ಬಿ ಹಾಯುವಾಗ ಮಾತ್ರ ದೋಷ ತೋರಿದರೆ ಚಕ್ರವನ್ನೂ, ಎಲ್ಲ ಡಬ್ಬಿಗಳಿಗೂ ತೋರಿದರೆ ಹಳಿಯನ್ನೂ ಪರೀಕ್ಷಿಸುವುದು ನ್ಯಾಯ.

ಪರೀಕ್ಷೆಗೂ ಒಂದು ಕ್ರಮವಿದೆ. ಮೊದಲು ವಿದ್ಯುತ್ತನ್ನು ನಿಲ್ಲಿಸಿ, ಎಂಜಿನ್ನು, ಡಬ್ಬಿಗಳನ್ನೆಲ್ಲ ತೆಗೆಯಬೇಕು. ಬಿದ್ದಿರುವ ಮೊಳೆ, ತಂತಿಯ ಚೂರುಗಳನ್ನು ಆರಿಸಬೇಕು. ಅನಂತರ ಮಲ್ಟಿಮೀಟರಿನಿಂದ ಎರಡು ಹಳಿಗಳ ನಡುವೆ ಸಂಪರ್ಕವಿದೆಯೇ ಎಂದು ನೋಡಬೇಕು. ಇದ್ದಲ್ಲಿ ಹಾದಿಯ ಭಾಗಗಳನ್ನು ಒಂದೊಂದಾಗಿ ಬೇರ್ಪಡಿಸುತ್ತ ಬಂದರೆ, ಯಾವ ಭಾಗವನ್ನು ಬಿಡಿಸಿದೊಡನೆ ಸಂಪರ್ಕ ತಪ್ಪುವುದೋ ಅಲ್ಲಿಯೇ ದೋಷವಿರುತ್ತದೆ. ಕವಲನ್ನು ಎರಡು ಪಕ್ಕಕ್ಕೂ ತಿರುಗಿಸಿ ನೋಡುವುದನ್ನು ಮರೆಯಬಾರದು. ಒಂದು ಸ್ಥಿತಿಯಲ್ಲಿ ಅಡಗಿರುವ ದೋಷ ಮತ್ತೊಂದರಲ್ಲಿ ಪ್ರಕಟವಾಗುತ್ತದೆ.

ಪದೇ ಪದೇ ಫ್ಯೂಸು ಹೋಗುತ್ತಿದೆಯೆಂದು ಬೇಸತ್ತು ದಪ್ಪವಾದ ಫ್ಯೂಸನ್ನು ಹಾಕುವುದು ಮಹಾಪ್ರಮಾದ. ಆಗ ಫ್ಯೂಸು ಉಳಿದು, ಹಳಿಯ ಪ್ಲಾಸ್ಟಿಕ್ ಕರಗುತ್ತದೆ, ತಂತಿ ಸುಡುತ್ತದೆ. ಹೆಚ್ಚಿನ ಪ್ರವಾಹವನ್ನು ಬಳಸುವ ಡಿಜಿಟಲ್ ನಿಯಂತ್ರಣದಲ್ಲಿ ಈ ಅಪಾಯ ಇಮ್ಮಡಿಯಾದುದು. ಮನೆಯ 230 ವೋಲ್ಟನ್ನು ತಗ್ಗಿಸಿಕೊಡುವ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯನ್ನಂತೂ ಬಾಲಕರು ಎಂದಿಗೂ ಬಿಚ್ಚಕೂಡದು. 12 ವೋಲ್ಟು ಆಟ, 230 ವೋಲ್ಟು ಪ್ರಾಣಾಂತಿಕ.

ಫ್ಯೂಸು ಸುಟ್ಟುಹೋಗುವುದು ವಿಘ್ನವಲ್ಲ, ಎಚ್ಚರಿಕೆ. ಎಚ್ಚರಿಸುವವನ ಬಾಯಿ ಮುಚ್ಚಿಸದೆ, ಅವನು ತೋರಿದ ತಪ್ಪನ್ನು ಹುಡುಕಿ ತಿದ್ದುವುದೇ ವಿವೇಕ. ಅಂಗೈಯಗಲದ ಕವಲುಹಳಿಯು ವಿದ್ಯಾರ್ಥಿಗೆ ಕಲಿಸುವ ಪಾಠವೂ ಇದೇ.